ತೋಳದ ಜಾಡು ಓದುವ ಬಗೆ: ಹೆಜ್ಜೆ, ಹಿಕ್ಕೆ, ಊಳು ಮತ್ತು ಹಿಂಡಿನ ನಡೆ

ಕಾಡಿನಲ್ಲಿ ತೋಳ ಕಣ್ಣಿಗೆ ಬೀಳುವುದು ಅಪರೂಪ. ನಾವು ಅದನ್ನು ಹುಡುಕುವ ಹೊತ್ತಿಗೆ ಅದು ನಮ್ಮ ವಾಸನೆ ಹಿಡಿದು ದಾರಿ ಬದಲಿಸಿ ಆಗಿರುತ್ತದೆ. ಹಾಗಾಗಿ ತೋಳವನ್ನು ಅರಿಯಲು ಹೊರಟವರಿಗೆ ಸಿಗುವುದು ಹೆಚ್ಚಾಗಿ ಅದು ಬಿಟ್ಟುಹೋದದ್ದು: ಹೆಜ್ಜೆ, ಹಿಕ್ಕೆ, ಮೂತ್ರದ ಕಲೆ, ನೆಲ ಕೆರೆದ ಗೀರು, ದೂರದ ಊಳು, ತಿಂದುಬಿಟ್ಟ ಎಲುಬು. ಇವುಗಳಲ್ಲಿ ಯಾವುದನ್ನೂ ಒಂಟಿಯಾಗಿ ನಂಬಬಾರದು. ಒಂದೇ ಒಂದು ಹೆಜ್ಜೆ ನೋಡಿ ‘ತೋಳ’ ಎಂದು ಸಾರಿದವರು ಎಷ್ಟೋ ಸಲ ದೊಡ್ಡ ನಾಯಿಯ ಹೆಜ್ಜೆ ನೋಡಿರುತ್ತಾರೆ. ಉದ್ದಕ್ಕೆ ಸಾಗಿದ ಹೆಜ್ಜೆಸಾಲು, ಅದೇ ದಾರಿಯ ಮೇಲಿನ ಹಿಕ್ಕೆ, ಆಗ ನಡೆಯುತ್ತಿರುವ ತಿಂಗಳು, ಈ ಮೂರೂ ಒಂದಕ್ಕೊಂದು ತಾಳೆಯಾದರೆ ಮಾತಿಗೆ ತೂಕ ಬರುತ್ತದೆ.

ಮೊದಲು ಮೈಕಟ್ಟು

ತೋಳದ ಎದೆಗೂಡು ಕಿರಿದು, ಆಳ. ಮುಂಗಾಲಿನ ಮೊಣಕೈ ಒಳಕ್ಕೂ ಪಾದ ತುಸು ಹೊರಕ್ಕೂ ತಿರುಗಿರುತ್ತವೆ. ಇದರಿಂದ ಒಂದು ಮಗ್ಗುಲಿನ ಮುಂಗಾಲು, ಹಿಂಗಾಲು ಎರಡೂ ಒಂದೇ ಗೆರೆಯಲ್ಲಿ ಬೀಸುತ್ತವೆ. ನಡಿಗೆಗೂ ಓಟಕ್ಕೂ ನಡುವಿನ ಕುಕ್ಕುಲೋಟದಲ್ಲಿ ಹಿಂಗಾಲು ಮುಂಗಾಲಿನ ಅಚ್ಚಿನ ಮೇಲೆಯೇ ಬೀಳುತ್ತದೆ. ಸಾಕುನಾಯಿಗಳಲ್ಲಿ ಹೆಚ್ಚಿನವಕ್ಕೆ ಎದೆ ಅಗಲ, ಕಾಲುಗಳ ನಡುವಿನ ಅಂತರ ಜಾಸ್ತಿ, ಹಿಂಗಾಲು ಅಚ್ಚಿನ ಪಕ್ಕಕ್ಕೆ ಬೀಳುತ್ತದೆ. ಹೆಜ್ಜೆಸಾಲಿನಲ್ಲಿ ತೋಳವನ್ನೂ ನಾಯಿಯನ್ನೂ ಬೇರ್ಪಡಿಸುವ ವಿದ್ಯೆಯೆಲ್ಲ ನಿಂತಿರುವುದು ಈ ಮೈಕಟ್ಟಿನ ಮೇಲೆ.

ಕುಕ್ಕುಲೋಟದ ವೇಗ ಗಂಟೆಗೆ ಸುಮಾರು 8–9 ಕಿ.ಮೀ. ಈ ವೇಗದಲ್ಲಿ ತೋಳ ಗಂಟೆಗಟ್ಟಲೆ ಸಾಗಬಲ್ಲದು, ಒಂದೇ ದಿನದಲ್ಲಿ 50 ಕಿ.ಮೀ. ದಾಟುವುದೂ ಉಂಟು. ಬೇಟೆಯ ಬೆನ್ನಟ್ಟುವಾಗ ಗಂಟೆಗೆ 55–60 ಕಿ.ಮೀ. ಮುಟ್ಟುತ್ತದಾದರೂ ಅದು ಸ್ವಲ್ಪ ಹೊತ್ತಿನ ಮಾತು.

ತೂಕದ ವಿಷಯದಲ್ಲಿ ಎಚ್ಚರ ಬೇಕು. ಕೆನಡಾ, ಅಲಾಸ್ಕಾದ ವಯಸ್ಕ ಗಂಡು 45 ಕಿಲೊ ಆಸುಪಾಸು ಇದ್ದರೆ, ಭಾರತ ಮತ್ತು ಅರೇಬಿಯದ ಒಣ ಬಯಲಿನ ತೋಳ 20 ಕಿಲೊ ಹತ್ತಿರ ನಿಲ್ಲುತ್ತದೆ. ಪುಸ್ತಕಗಳಲ್ಲಿ ಅಚ್ಚಾಗಿರುವ ಹೆಜ್ಜೆಯ ಅಳತೆ, ಹಿಕ್ಕೆಯ ದಪ್ಪ ಬಹುಪಾಲು ಉತ್ತರದ ದೊಡ್ಡ ತೋಳದವು. ಅವನ್ನು ಹಾಗೆಯೇ ಸಣ್ಣ ತೋಳಗಳ ಸೀಮೆಗೆ ತಂದರೆ ನಿಜವಾದ ತೋಳವೇ ‘ನಾಯಿ’ ಆಗಿಬಿಡುತ್ತದೆ. ಮೊದಲು ನಿಮ್ಮ ಸೀಮೆಯ ತೋಳದ ಅಳತೆ ತಿಳಿದುಕೊಂಡು ಆಮೇಲೆ ಟೇಪು ಹಿಡಿಯಿರಿ.

ಹೆಜ್ಜೆ

ಮೊದಲ ಪ್ರಶ್ನೆ, ಇದು ನಾಯಿ ಜಾತಿಯದೇ? ನಾಲ್ಕು ಬೆರಳು, ಮುಂದೆ ಉಗುರಿನ ಚುಕ್ಕೆ, ಎಡ ಬಲ ಒಂದೇ ಥರ, ಬೆರಳುಗಳಿಗೂ ಹಿಂದಿನ ಮೆತ್ತೆಗೂ ನಡುವೆ ಗುಣಾಕಾರ ಚಿಹ್ನೆಯ ಹಾಗೆ ಎದ್ದುನಿಂತ ಮಣ್ಣು, ಇವಿಷ್ಟಿದ್ದರೆ ಹೌದು. ಮುಂಗಾಲಿನಲ್ಲಿ ಐದನೇ ಬೆರಳು ಇದ್ದರೂ ಅದು ಮೇಲಿರುವುದರಿಂದ ಅಚ್ಚಿನಲ್ಲಿ ಮೂಡುವುದಿಲ್ಲ. ಬೆಕ್ಕಿನ ಜಾತಿಯಾದರೆ ಸಾಮಾನ್ಯವಾಗಿ ಉಗುರು ಕಾಣದು, ಹಿಂದಿನ ಮೆತ್ತೆಯ ಹಿಂಬದಿಯಲ್ಲಿ ಮೂರು ಉಬ್ಬುಗಳಿರುತ್ತವೆ, ಒಂದು ಬೆರಳು ಉಳಿದವಕ್ಕಿಂತ ಮುಂದೆ ಚಾಚಿರುತ್ತದೆ. ಕತ್ತೆಕಿರುಬ ಇರುವ ಸೀಮೆಯಲ್ಲಿ ಅದೂ ಉಗುರು ಮೂಡಿಸಿ ಗೊಂದಲ ಎಬ್ಬಿಸುತ್ತದೆ. ಆದರೆ ಅದರ ಮುಂಗಾಲು ಹಿಂಗಾಲಿಗಿಂತ ಎದ್ದುಕಾಣುವಷ್ಟು ದೊಡ್ಡದು, ಮೆತ್ತೆ ಒಂದು ಕಡೆಗೆ ಓರೆ. ನರಿಯ ಹೆಜ್ಜೆ ತೋಳದ್ದಕ್ಕಿಂತ ಬಹಳ ಸಣ್ಣದು, ಜೊತೆಗೆ ಅದರ ನಡುವಿನ ಎರಡು ಬೆರಳಿನ ಮೆತ್ತೆಗಳು ಬುಡದಲ್ಲಿ ಕೂಡಿಕೊಂಡಿರುತ್ತವೆ. ಒದ್ದೆ ಜೇಡಿಮಣ್ಣಿನಲ್ಲಿ ಈ ಕೂಡಿಕೆ ಚೆನ್ನಾಗಿ ಕಾಣುತ್ತದೆ, ಒಣ ಮರಳಿನಲ್ಲಿ ಅದನ್ನು ಹುಡುಕುವುದು ವ್ಯರ್ಥ.

ಅಳೆಯುವಾಗ ತಪ್ಪುವುದು ಅಚ್ಚಿನ ಅಂಚಿನಲ್ಲಿ. ಕೆಸರಿನಲ್ಲೋ ಹಿಮದಲ್ಲೋ ಪಾದ ಇಳಿದಾಗ ಬದಿಯ ಗೋಡೆ ಹೊರಕ್ಕೆ ವಾಲುತ್ತದೆ. ಮೇಲಿನ ಬಾಯಿಂದ ಬಾಯಿಗೆ ಅಳೆದರೆ ಒಂದೆರಡು ಸೆಂಟಿಮೀಟರ್ ಸುಮ್ಮನೆ ಕೂಡಿಕೊಳ್ಳುತ್ತದೆ. ಅಚ್ಚಿನ ತಳ ಸಮತಟ್ಟಾಗಿದ್ದು ಎಲ್ಲಿ ಮೇಲಕ್ಕೆ ತಿರುಗುತ್ತದೋ ಅಲ್ಲಿಂದ ಅಲ್ಲಿಗೆ ಅಳೆಯಿರಿ. ಉದ್ದಕ್ಕೆ ಉಗುರು ಸೇರಿಸಿದಿರೋ ಬಿಟ್ಟಿರೋ ಎಂದು ಪ್ರತಿ ಸಲವೂ ಬರೆದಿಡಿ. ಉತ್ತರದ ತೋಳದ ಮುಂಪಾದ ಉಗುರು ಸೇರಿ 10ರಿಂದ 13 ಸೆಂ.ಮೀ. ಇರುತ್ತದೆ, ಹಿಂಪಾದ ಅದಕ್ಕಿಂತ ಸಣ್ಣದು. ಹತ್ತು ಸ್ಪಷ್ಟ ಅಚ್ಚುಗಳನ್ನಾದರೂ ಅಳೆದು, ಮುಂಪಾದ ಹಿಂಪಾದ ಬೇರೆ ಬೇರೆ ಇಟ್ಟು ಸರಾಸರಿ ತೆಗೆಯಿರಿ. ಕರಗಿದ ಹಿಮದಲ್ಲಿನ ಅಚ್ಚನ್ನು ಅಳೆಯಲೇಬೇಡಿ, ಬಿಸಿಲಿಗೆ ಅದು ಹಿಗ್ಗಿಬಿಟ್ಟಿರುತ್ತದೆ. ಫೋಟೊ ತೆಗೆಯುವಾಗ ಕ್ಯಾಮೆರಾ ಅಚ್ಚಿನ ನೇರ ಮೇಲಿರಲಿ, ಅಳತೆಪಟ್ಟಿ ಅಚ್ಚಿನ ತಳದ ಮಟ್ಟದಲ್ಲೇ ಪಕ್ಕಕ್ಕಿರಲಿ. ಓರೆಯಾಗಿ ತೆಗೆದ ಫೋಟೊದಿಂದ ಆಮೇಲೆ ಯಾರೂ ಏನನ್ನೂ ಅಳೆಯಲಾರರು.

ಅಚ್ಚಿಗಿಂತ ಸಾಲು ಮುಖ್ಯ. ಕನಿಷ್ಠ ನೂರಿನ್ನೂರು ಮೀಟರ್ ಹಿಂಬಾಲಿಸಿ, ಅದೂ ಪ್ರಾಣಿ ಬಂದ ದಿಕ್ಕಿಗೆ. ಹೋದ ದಿಕ್ಕಿಗೆ ಬೆನ್ನುಹತ್ತಿದರೆ ಅದನ್ನು ಎಬ್ಬಿಸಿ ಓಡಿಸಿದಂತಾಗುತ್ತದೆ. ಉತ್ತರದ ತೋಳದ ಕುಕ್ಕುಲೋಟದಲ್ಲಿ ಒಂದು ಅಚ್ಚಿನಿಂದ ಮುಂದಿನ ಅಚ್ಚಿಗೆ ಸುಮಾರು 60ರಿಂದ 85 ಸೆಂ.ಮೀ. ಇರುತ್ತದೆ, ಮತ್ತು ಆ ಅಂತರ ಬಹು ದೂರ ಬದಲಾಗುವುದೇ ಇಲ್ಲ. ಸಾಲು ನೇರ, ಹೆಚ್ಚುಕಡಿಮೆ ಒಂದೇ ಗೆರೆ. ನಾಯಿ ಹಾಗಲ್ಲ: ನಾಲ್ಕು ಹೆಜ್ಜೆ ಓಡುತ್ತದೆ, ನಿಲ್ಲುತ್ತದೆ, ಪೊದೆ ಮೂಸುತ್ತದೆ, ಸುತ್ತು ಹಾಕಿ ಮತ್ತೆ ದಾರಿಗೆ ಬರುತ್ತದೆ. ನಾಯಿಗೆ ಊಟ ಬೇರೆ ಕಡೆ ಸಿಗುವುದರಿಂದ ಶಕ್ತಿ ಉಳಿಸುವ ಹಂಗಿಲ್ಲ. ಇಷ್ಟಾದರೂ ಒಂದು ಮಾತು: ಕಾಡು ಬಿದ್ದ ನಾಯಿ ಗುಂಪುಗಳು ತೋಳದಂತೆಯೇ ನೇರ ಸಾಗುವುದುಂಟು. ಹೆಜ್ಜೆಯೊಂದರಿಂದಲೇ ಖಚಿತ ತೀರ್ಪು ಕೊಡಬಹುದೆಂದು ಯಾರಾದರೂ ಹೇಳಿದರೆ ನಂಬಬೇಡಿ. ಕೊನೆಯ ಮಾತು ಡಿಎನ್‌ಎಯದು.

ಎಷ್ಟು ತೋಳಗಳಿವೆ ಎಂದು ಎಣಿಸುವುದು ಇನ್ನೊಂದು ಕಷ್ಟ. ಹಿಮದಲ್ಲಿ ಹಿಂಡು ಸಾಲಾಗಿ ಸಾಗುವಾಗ ಹಿಂದಿನವು ಮುಂದಿನವುಗಳ ಅಚ್ಚಿನಲ್ಲೇ ಕಾಲಿಡುತ್ತವೆ. ಏಳು ತೋಳ ಹೋದ ದಾರಿ ಎರಡು ತೋಳದ ದಾರಿಯಂತೆ ಕಾಣಬಹುದು. ಬಿದ್ದ ಮರ, ತೊರೆ, ತಿರುವು, ಹಿಕ್ಕೆ ಹಾಕಲು ನಿಂತ ಜಾಗ, ಇಂಥಲ್ಲಿ ಸಾಲು ಒಡೆದು ಒಬ್ಬೊಬ್ಬರ ದಾರಿ ಬೇರೆಯಾಗುತ್ತದೆ. ಅಂಥ ಮೂರ್ನಾಲ್ಕು ಕಡೆ ಎಣಿಸಿ, ಸ್ಪಷ್ಟವಾಗಿ ಸಿಕ್ಕ ಅತಿ ಹೆಚ್ಚಿನ ಸಂಖ್ಯೆಯನ್ನು ‘ಕನಿಷ್ಠ ಇಷ್ಟು’ ಎಂದು ಬರೆಯಿರಿ. ‘ಒಟ್ಟು ಇಷ್ಟು’ ಎಂದು ಬರೆಯುವ ಧೈರ್ಯ ಬೇಡ.

ಅಚ್ಚು ತೆಗೆಯಬೇಕಿದ್ದರೆ ಎರಡು ಪಾಲು ಪ್ಲಾಸ್ಟರ್‌ಗೆ ಒಂದು ಪಾಲು ನೀರು. ಪ್ಲಾಸ್ಟರನ್ನು ನೀರಿಗೆ ಹಾಕಿ, ಗಂಟಿಲ್ಲದೆ ಕಲಸಿ, ಅಚ್ಚಿನ ಪಕ್ಕದ ನೆಲಕ್ಕೆ ಸುರಿದು ಅಲ್ಲಿಂದ ಒಳಕ್ಕೆ ಹರಿಯಲು ಬಿಡಿ. ನೇರ ಅಚ್ಚಿನ ಮೇಲೆ ಸುರಿದರೆ ಉಗುರಿನ ಗುರುತು ಮೊದಲು ಹೋಗುತ್ತದೆ. ಅರ್ಧ ಗಂಟೆ ಬಿಟ್ಟು, ಸುತ್ತಲ ಮಣ್ಣು ಬಿಡಿಸಿ ತಳದಿಂದ ಎತ್ತಿ. ತೊಳೆಯುವುದು ಮಾರನೆಯ ದಿನಕ್ಕಿರಲಿ.

ಹಿಕ್ಕೆ

ಬರಿಗೈಯಲ್ಲಿ ಮುಟ್ಟಬೇಡಿ, ಮೂಸಬೇಡಿ, ಒಣಗಿದ್ದನ್ನು ಮುರಿದು ಪುಡಿ ಎಬ್ಬಿಸಬೇಡಿ. ತೋಳದ ಕರುಳಿನಲ್ಲಿ ಬದುಕುವ ಎಕಿನೊಕಾಕಸ್ ಎಂಬ ಲಾಡಿಹುಳದ ಮೊಟ್ಟೆ ಹಿಕ್ಕೆಯಲ್ಲಿರಬಹುದು. ಅದು ಮನುಷ್ಯರ ಹೊಟ್ಟೆ ಸೇರಿದರೆ ಯಕೃತ್ತು, ಶ್ವಾಸಕೋಶಗಳಲ್ಲಿ ನೀರುಗಡ್ಡೆ ಬೆಳೆಯುತ್ತದೆ, ಅದೂ ವರ್ಷಗಟ್ಟಲೆ ಯಾವ ಸುಳಿವನ್ನೂ ಕೊಡದೆ. ಮನೆಯ ಫ್ರಿಜ್ಜಿನ ಮೈನಸ್ 18–20 ಡಿಗ್ರಿ ಚಳಿಗೆ ಈ ಮೊಟ್ಟೆ ಸಾಯುವುದಿಲ್ಲ. ಪ್ರಯೋಗಾಲಯಗಳಲ್ಲಿ ಮೈನಸ್ 80 ಡಿಗ್ರಿಯಲ್ಲಿ ಹಲವು ದಿನ ಇಟ್ಟ ಮೇಲಷ್ಟೇ ಹಿಕ್ಕೆ ಬಿಡಿಸುತ್ತಾರೆ. ಕೈಗವಸು, ಮುಖಗವಸು, ಎರಡು ಪದರದ ಚೀಲ ಇಲ್ಲದಿದ್ದರೆ ಫೋಟೊ ತೆಗೆದು ಮುಂದೆ ಹೋಗಿ.

ಉತ್ತರದ ತೋಳದ ಹಿಕ್ಕೆ ಸಾಮಾನ್ಯವಾಗಿ 2.5ರಿಂದ 4 ಸೆಂ.ಮೀ. ದಪ್ಪ. ಒಳಗೆ ಹುರಿಗೊಂಡ ಕೂದಲು, ಎಲುಬಿನ ಚೂರು, ಕೆಲವೊಮ್ಮೆ ಗೊರಸಿನ ತುಂಡು. ತೋಳದ 42 ಹಲ್ಲುಗಳಲ್ಲಿ ಮೇಲಿನ ನಾಲ್ಕನೇ ಮುಂದವಡೆ ಹಲ್ಲೂ ಕೆಳಗಿನ ಮೊದಲ ದವಡೆಹಲ್ಲೂ ಕತ್ತರಿಯ ಅಲಗಿನಂತೆ ಒಂದನ್ನೊಂದು ಉಜ್ಜಿ ಮಾಂಸ ತುಂಡರಿಸುತ್ತವೆ, ಹಿಂದಿನವು ಎಲುಬು ಪುಡಿ ಮಾಡುತ್ತವೆ. ಚೂಪಾದ ಎಲುಬಿನ ಚೂರು ಕರುಳು ಸೀಳದೆ ಹೊರಬರುವುದು ಕೂದಲು ಅದನ್ನು ಸುತ್ತಿಕೊಂಡಿರುವುದರಿಂದ.

ಬೇಟೆಯಾದ ಮೊದಲ ದಿನ ಹಿಂಡು ಯಕೃತ್ತು, ಹೃದಯ, ಶ್ವಾಸಕೋಶ, ಮೆತ್ತನೆ ಮಾಂಸ ತಿನ್ನುತ್ತದೆ, ಆಗಿನ ಹಿಕ್ಕೆ ಕಪ್ಪು, ಡಾಂಬರಿನಂತೆ ಅಂಟು. ದಿನ ಕಳೆದಂತೆ ಚರ್ಮ, ಎಲುಬಿಗೆ ಇಳಿದಾಗ ಕೂದಲು ತುಂಬಿದ ಗಟ್ಟಿ ಹಿಕ್ಕೆ ಬರುತ್ತದೆ. ಹತ್ತಿರ ಹತ್ತಿರ ಎರಡೂ ಬಗೆಯವು ಸಿಕ್ಕರೆ ಆಸುಪಾಸಿನಲ್ಲೇ ಬೇಟೆಯ ಜಾಗ ಇರಬಹುದು.

ಹಿಕ್ಕೆಯಿಂದ ಆಹಾರದ ಲೆಕ್ಕ ಹಾಕುವವರು ಒಂದು ಕಡೆ ಎಡವುತ್ತಾರೆ. ‘ನೂರು ಹಿಕ್ಕೆಯಲ್ಲಿ ಅರವತ್ತರಲ್ಲಿ ಮೊಲದ ಕೂದಲು, ಅಂದರೆ ತೋಳದ ಮುಖ್ಯ ಆಹಾರ ಮೊಲ’ ಎನ್ನುವುದು ತಪ್ಪು ಲೆಕ್ಕ. ಸಣ್ಣ ಪ್ರಾಣಿಯ ತೂಕಕ್ಕೆ ಹೋಲಿಸಿದರೆ ಅದರ ಚರ್ಮ, ಕೂದಲು ಹೆಚ್ಚು, ಆದ್ದರಿಂದ ಒಂದು ಕಿಲೊ ಮೊಲ ತಿಂದರೆ ಒಂದು ಕಿಲೊ ಜಿಂಕೆ ತಿಂದದ್ದಕ್ಕಿಂತ ಹೆಚ್ಚು ಹಿಕ್ಕೆ ಬರುತ್ತದೆ. ತೂಕದ ತಿದ್ದುಪಡಿ ಹಾಕದ ಪಟ್ಟಿ ಸಣ್ಣ ಪ್ರಾಣಿಗಳ ಕಡೆಗೇ ವಾಲಿರುತ್ತದೆ.

ಡಿಎನ್‌ಎಗೆ ಬೇಕಾದ್ದು ಒಳಗಿನ ಕೂದಲಲ್ಲ, ಅದು ಬೇಟೆಯದು. ತೋಳದ ಕರುಳಿನ ಜೀವಕೋಶ ಅಂಟಿರುವುದು ಹಿಕ್ಕೆಯ ಹೊರಮೈಗೆ. ಹೊರಮೈಯಿಂದ ಬಟಾಣಿ ಗಾತ್ರದ ಚೂರು ತೆಗೆದು, ಅದು ಪೂರ್ತಿ ಮುಳುಗಿ ಮೇಲೆ ಇನ್ನೂ ಹಲವು ಪಟ್ಟು ಉಳಿಯುವಷ್ಟು 95% ಎಥನಾಲ್ ಇರುವ ನಳಿಕೆಗೆ ಹಾಕಿ. ಮಳೆಗೆ ತೊಯ್ದ, ಬಿಸಿಲಿಗೆ ಬಿಳಿಚಿದ ಹಿಕ್ಕೆಯಿಂದ ಫಲಿತಾಂಶ ಬರುವುದು ಅಪರೂಪ.

ಮೂತ್ರ ಮತ್ತು ಕೆರೆತ

ದಾರಿಬದಿಯ ಪೊದೆ, ಕಲ್ಲು, ಹಿಮದ ದಿಬ್ಬಗಳ ಮೇಲೆ ಕಾಲೆತ್ತಿ ಮೂತ್ರ ಹಾಕುವುದು ಮುಖ್ಯವಾಗಿ ಮರಿ ಮಾಡುವ ಜೋಡಿಯ ಕೆಲಸ. ಹಿಂಡಿನ ಉಳಿದವು ಕುಳಿತೋ ನಿಂತೋ ಮೂತ್ರ ಮಾಡಿ ಮುಗಿಸುತ್ತವೆ. ತೋಳ ಸಂಶೋಧಕರಾದ ಪೀಟರ್ಸ್ ಮತ್ತು ಮೆಕ್ 1975ರಲ್ಲಿ ಪ್ರಕಟಿಸಿದ, ಅಮೆರಿಕದ ಮಿನ್ನೆಸೋಟಾದ ಅಧ್ಯಯನದಲ್ಲಿ ತೋಳಗಳು ಸಾಗಿದ ದಾರಿಯಲ್ಲಿ ಸರಾಸರಿ 240 ಮೀಟರಿಗೊಂದು ವಾಸನೆ ಗುರುತು ಸಿಕ್ಕಿತ್ತು, ಸರಹದ್ದಿನ ಅಂಚಿನಲ್ಲಿ ಗುರುತುಗಳು ನಡುಭಾಗಕ್ಕಿಂತ ದಟ್ಟವಾಗಿದ್ದವು. ಆದ್ದರಿಂದ ಗುರುತು ಇದ್ದಕ್ಕಿದ್ದಂತೆ ಹೆಚ್ಚಾದರೆ ನೀವು ಎರಡು ಹಿಂಡುಗಳ ಗಡಿಯ ಮೇಲೆ ನಿಂತಿರಬಹುದು.

ಒಂದೇ ಪೊದೆಯಲ್ಲಿ ಎರಡು ಕಲೆ, ಒಂದು ತಗ್ಗಿನಲ್ಲಿ ಇನ್ನೊಂದು ಎತ್ತರದಲ್ಲಿ, ಪಕ್ಕದಲ್ಲಿ ಕಾಲಿನಿಂದ ನೆಲ ಕೆರೆದ ಉದ್ದ ಗೀರು: ಇದು ಜೋಡಿಯ ಸಹಿ. ಹೆಣ್ಣು ಮೊದಲು ಹಾಕಿದ್ದರ ಮೇಲೆ ಗಂಡು ಹಾಕುತ್ತದೆ. ಬೆದೆಗೆ ಮುಂಚಿನ ವಾರಗಳಲ್ಲಿ ಹೆಣ್ಣಿನ ಮೂತ್ರದಲ್ಲಿ ರಕ್ತ ಇರುತ್ತದೆ, ಹಿಮದ ಮೇಲೆ ಆ ಕೆಂಪು ಸ್ಪಷ್ಟ. ಚಳಿಗಾಲದ ಕೊನೆಗೆ ಇದನ್ನು ಕಂಡರೆ ಆ ಸೀಮೆಯಲ್ಲಿ ಈ ವರ್ಷ ಮರಿಗಳಾಗುವ ಸಂಭವ ಇದೆ ಎಂದು ಬರೆದುಕೊಳ್ಳಬಹುದು. ಅದೇ ಕೆಂಪು ಬೇಸಿಗೆಯಲ್ಲಿ ಕಂಡರೆ ಅರ್ಥ ಬೇರೆ: ಗಾಯ, ಕಾಯಿಲೆ, ಇಲ್ಲವೇ ಅದು ತೋಳವೇ ಅಲ್ಲ. ಹೆಣ್ಣು ನಾಯಿ ವರ್ಷಕ್ಕೆ ಸಾಮಾನ್ಯವಾಗಿ ಎರಡು ಸಲ, ಯಾವ ಋತುವಿನಲ್ಲಾದರೂ ಬೆದೆಗೆ ಬರುತ್ತದೆ. ತೋಳಕ್ಕೆ ವರ್ಷಕ್ಕೊಂದೇ ಸಲ.

ಹಿಂಡು ಎಂದರೆ ಮನೆಮಂದಿ

‘ಆಲ್ಫಾ’, ಅಂದರೆ ಹಿಂಡಿನ ಯಜಮಾನ ತೋಳ, ಕಾದಾಡಿ ಪಟ್ಟಕ್ಕೇರುತ್ತದೆ ಎಂಬ ಕಥೆ ಇನ್ನೂ ಓಡುತ್ತಿದೆ. ಅದರ ಬೇರು 1947ರಲ್ಲಿ ರುಡಾಲ್ಫ್ ಶೆಂಕೆಲ್ ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದ ತೋಳಗಳ ಬಗ್ಗೆ ಬರೆದ ಪ್ರಬಂಧದಲ್ಲಿದೆ. ಕೂಡಿಹಾಕಿದ ತೋಳಗಳಿಗೆ ಬಿಟ್ಟುಹೋಗಲು ದಾರಿಯಿಲ್ಲ, ಆದ್ದರಿಂದ ಕಾದಾಟ ನಡೆದೇ ನಡೆಯುತ್ತದೆ. ಕೆನಡಾದ ಎಲ್ಸ್‌ಮಿಯರ್ ದ್ವೀಪದಲ್ಲಿ ಹಲವು ಬೇಸಿಗೆ ಕಾಡುತೋಳಗಳನ್ನು ಹತ್ತಿರದಿಂದ ನೋಡಿದ ಡೇವಿಡ್ ಮೆಕ್ 1999ರಲ್ಲಿ ಬರೆದದ್ದು ಬೇರೆ: ಸಾಮಾನ್ಯ ಹಿಂಡು ಎಂದರೆ ತಂದೆ, ತಾಯಿ, ಈ ವರ್ಷದ ಮರಿ, ಹಿಂದಿನ ಒಂದೆರಡು ವರ್ಷದ ಮಕ್ಕಳು. ತಂದೆತಾಯಿ ಮುಂದಿರುವುದು ಹೆತ್ತವರೆಂಬ ಕಾರಣಕ್ಕೆ. ‘ಆಲ್ಫಾ’ ಪದವನ್ನು ಹರಡುವಲ್ಲಿ ಮೆಕ್ ಅವರದೇ ಹಿಂದಿನ ಬರಹಗಳ ಪಾಲಿತ್ತು, ಅವರೇ ಅದನ್ನು ಕೈಬಿಟ್ಟರು. ನೀವು ಟಿಪ್ಪಣಿ ಬರೆಯುವಾಗ ‘ಮರಿ ಮಾಡುವ ಗಂಡು’, ‘ಮರಿ ಮಾಡುವ ಹೆಣ್ಣು’ ಎಂದರೆ ಸಾಕು.

ಹಿಂಡಿನ ಗಾತ್ರ ಹೆಚ್ಚು ಕಡೆ ಐದರಿಂದ ಎಂಟು. ಬೇಟೆ ಹೇರಳವಾಗಿ ಸಿಗುವಲ್ಲಿ ಬೆಳೆಯುತ್ತದೆ. ಅಮೆರಿಕದ ರಾಷ್ಟ್ರೀಯ ಉದ್ಯಾನ ಯೆಲ್ಲೊಸ್ಟೋನ್‌ನ ಡ್ರೂಯಿಡ್ ಹಿಂಡು 2001ರಲ್ಲಿ 37ಕ್ಕೆ ಏರಿತ್ತು, ಅಷ್ಟು ದೊಡ್ಡದು ಬಾಳದು, ಅದೂ ಒಡೆಯಿತು.

ದೂರದರ್ಶಕದಲ್ಲಿ ಹಿಂಡು ಸಿಕ್ಕರೆ ಬಾಲ ನೋಡಿ. ಬೆನ್ನಿನ ಮಟ್ಟಕ್ಕೆ ಅಥವಾ ಮೇಲೆ ನಿಂತ ಬಾಲ ತಂದೆ ಅಥವಾ ತಾಯಿಯದು. ತಗ್ಗಿದ ಬಾಲ, ಹಿಂದಕ್ಕೆ ಮಲಗಿದ ಕಿವಿ, ಬಾಗಿದ ಮೈ, ಕೆಳಗಿನಿಂದ ಮೇಲಕ್ಕೆ ಚಾಚಿ ದೊಡ್ಡದರ ಬಾಯಿ ನೆಕ್ಕುವುದು, ಇದೆಲ್ಲ ಮಕ್ಕಳ ವಿನಯ. ಬಾಯಿ ನೆಕ್ಕುವ ಅಭ್ಯಾಸ ಹುಟ್ಟುವುದು ಮರಿಗಾಲದಲ್ಲಿ: ಬೇಟೆಯಿಂದ ಬಂದವರ ಬಾಯಿ ನೆಕ್ಕಿದರೆ ಅವರು ಹೊಟ್ಟೆಯಲ್ಲಿ ತಂದ ಮಾಂಸ ಕಕ್ಕಿ ಕೊಡುತ್ತಾರೆ. ಅಂಗಾತ ಬಿದ್ದು ಹೊಟ್ಟೆ ತೋರಿಸುವುದನ್ನು ಹೊಸಬರು ‘ಸೋಲು’ ಎಂದು ಬರೆಯುತ್ತಾರೆ. ಹೆಚ್ಚು ಸಲ ಅದು ಬಿದ್ದವನೇ ತಾನಾಗಿ ಮಾಡುವ ಶರಣು, ಕೆಡವಿದ್ದಲ್ಲ. ನಿಜವಾದ ಸಿಟ್ಟು ಗೊತ್ತಾಗುವುದು ಮೂಗಿನ ಮೇಲಿನ ಸುಕ್ಕಿನಿಂದ, ಮುಂಬಾಯಿ ಮಾತ್ರ ತೆರೆದು ಕೋರೆಹಲ್ಲು ತೋರಿಸುವುದರಿಂದ. ನೆರೆಯ ಹಿಂಡಿನೊಡನೆ ಮಾತ್ರ ಲೆಕ್ಕಾಚಾರ ಬೇರೆ, ಅಲ್ಲಿ ಕೊಲೆ ಸಾಮಾನ್ಯ. ಮನುಷ್ಯರ ಕಾಟ ಕಡಿಮೆ ಇರುವಲ್ಲಿ ತೋಳದ ಸಾವಿಗೆ ಬೇರೆ ತೋಳಗಳೇ ದೊಡ್ಡ ಕಾರಣಗಳಲ್ಲೊಂದು.

ತಿಂಗಳಿನ ಲೆಕ್ಕ

ಉತ್ತರದ ಚಳಿ ಸೀಮೆಗಳಲ್ಲಿ ಬೆದೆ ಜನವರಿ ಕೊನೆಯಿಂದ ಏಪ್ರಿಲ್‌ವರೆಗೆ, ಉತ್ತರಕ್ಕೆ ಹೋದಷ್ಟೂ ತಡ. ಭಾರತದ ಬಯಲು ತೋಳ ಮಳೆಗಾಲ ಕಳೆದ ಮೇಲೆ ಬೆದೆಗೆ ಬಂದು ಡಿಸೆಂಬರ್ ಸುಮಾರಿಗೆ ಮರಿ ಹಾಕುತ್ತದೆ. ಗರ್ಭ 63 ದಿನ ಆಸುಪಾಸು. ಒಂದು ಸಲಕ್ಕೆ ನಾಲ್ಕರಿಂದ ಆರು ಮರಿ, ತಲಾ ಅರ್ಧ ಕಿಲೊ, ಕುರುಡು, ಕಿವುಡು. ಕಣ್ಣು ತೆರೆಯುವುದು ಎರಡನೇ ವಾರದಲ್ಲಿ, ಬಿಲದ ಬಾಯಿಗೆ ಬರುವುದು ಮೂರನೇ ವಾರಕ್ಕೆ, ಹಾಲು ಬಿಡುವುದು ಎಂಟು ಒಂಬತ್ತು ವಾರಕ್ಕೆ. ಆಮೇಲೆ ಹಿಂಡು ಮರಿಗಳನ್ನು ಬಿಲದಿಂದ ಬಯಲು ತಾಣಕ್ಕೆ ತರುತ್ತದೆ. ಸಾಮಾನ್ಯವಾಗಿ ನೀರು ಹತ್ತಿರವಿರುವ ಹುಲ್ಲುಜಾಗ, ತುಳಿದು ಚಪ್ಪಟೆಯಾದ ಹುಲ್ಲು, ಕಡಿದ ಕೋಲು, ಎಲುಬಿನ ಚೂರು, ಸಣ್ಣ ದೊಡ್ಡ ಹಿಕ್ಕೆಗಳ ರಾಶಿ. ಬೇಸಿಗೆಯ ಹೆಜ್ಜೆಗಳು ಒಂದೇ ಜಾಗಕ್ಕೆ ಬಂದು ಹೋಗಿ ಮಾಡುತ್ತವೆ, ಚಳಿಗಾಲದ ಹೆಜ್ಜೆಗಳು ಇಡೀ ಸರಹದ್ದು ಸುತ್ತುತ್ತವೆ. ಕಾರಣ ಇದೇ: ಬೇಸಿಗೆಯಲ್ಲಿ ಎಲ್ಲರೂ ಮರಿಗಳ ಹತ್ತಿರ ಮರಳಬೇಕು, ಶರತ್ಕಾಲಕ್ಕೆ ಮರಿಗಳು ಹಿಂಡಿನ ಜೊತೆ ನಡೆಯಲು ಶುರುಮಾಡಿದ ಮೇಲೆ ಆ ಕಟ್ಟು ಇಲ್ಲ.

ನೀರು ನಿಲ್ಲದ ಇಳಿಜಾರಿನಲ್ಲಿ ಅರ್ಧ ಮೀಟರ್ ಅಗಲದ ಬಾಯಿ, ಸುತ್ತ ಎತ್ತಿಹಾಕಿದ ಮಣ್ಣು, ಹಲವು ಕಡೆಯಿಂದ ಬಂದು ಸೇರುವ ಕಾಲುದಾರಿ ಕಂಡರೆ ಅದು ಬಿಲ ಇರಬಹುದು. ಒಳಗೆ ಇಣುಕಬೇಡಿ, ಫೋಟೊಗೆ ನಿಲ್ಲಬೇಡಿ, ಬಂದ ದಾರಿಯಲ್ಲೇ ಹಿಂತಿರುಗಿ. ತೊಂದರೆಯಾದರೆ ತಾಯಿ ಮರಿಗಳನ್ನು ಬಾಯಲ್ಲಿ ಕಚ್ಚಿ ಬೇರೆಡೆ ಸಾಗಿಸುತ್ತದೆ. ಚಳಿ, ಮಳೆಯಲ್ಲಿ ಅಂಥ ಸಾಗಣೆ ಎಳೆಮರಿಗಳ ಜೀವಕ್ಕೆ ಕುತ್ತು.

ಒಂದರಿಂದ ಮೂರು ವರ್ಷದೊಳಗೆ ಹೆಚ್ಚಿನ ಮಕ್ಕಳು ಮನೆ ಬಿಡುತ್ತವೆ. ಸ್ಲಾವ್ಕ್ ಎಂದು ಹೆಸರಿಟ್ಟಿದ್ದ, ಕೊರಳಿಗೆ ಜಿಪಿಎಸ್ ಪಟ್ಟಿ ಇದ್ದ ತೋಳ 2011ರ ಡಿಸೆಂಬರಿನಲ್ಲಿ ಸ್ಲೊವೇನಿಯಾ ಬಿಟ್ಟು, ಆಸ್ಟ್ರಿಯಾದ ಬೆಟ್ಟಗಳನ್ನು ದಾಟಿ, 2012ರ ವಸಂತಕ್ಕೆ ಇಟಲಿಯ ಲೆಸ್ಸೀನಿಯ ತಲುಪಿ ಅಲ್ಲೊಂದು ಹೆಣ್ಣಿನ ಜೊತೆಗೂಡಿತು. ಹೀಗಾಗಿ ‘ಇಲ್ಲಿ ತೋಳವೇ ಇಲ್ಲ’ ಎನ್ನುವ ಸೀಮೆಯಲ್ಲಿ ಒಂಟಿ ತೋಳದ ಹೆಜ್ಜೆ ಸಿಕ್ಕರೆ ಅಳತೆ ಸಮೇತ ಬರೆದಿಡಿ. ಆದರೆ ಒಂಟಿ ತೋಳ ದಾಟಿಹೋದದ್ದನ್ನು ನೆಲೆ ಎಂದು ಕರೆಯಬೇಡಿ. ಜೋಡಿ ಗುರುತೋ ಮರಿಗಳ ಗುರುತೋ ಸಿಗುವವರೆಗೆ ಅದು ದಾರಿಹೋಕ.

ಊಳು

ಒಂಟಿ ಊಳು ಮೂರರಿಂದ ಏಳು ಸೆಕೆಂಡು, ಮೂಲಸ್ವರ ಹೆಚ್ಚುಕಡಿಮೆ 150ರಿಂದ 780 ಹರ್ಟ್ಸ್ ನಡುವೆ, ನಿಧಾನ ಏರಿ ಇಳಿಯುತ್ತದೆ. ದಟ್ಟ ಕಾಡಿನಲ್ಲಿ ಸುಮಾರು 10 ಕಿ.ಮೀ., ಬಯಲಿನಲ್ಲಿ 16 ಕಿ.ಮೀ.ವರೆಗೂ ಕೇಳಬಹುದು. ಚದುರಿದವರನ್ನು ಸೇರಿಸುವುದು, ನೆರೆಯವರಿಗೆ ‘ಇಲ್ಲಿದ್ದೇವೆ’ ಎಂದು ತಿಳಿಸುವುದು ಇದರ ಮುಖ್ಯ ಕೆಲಸ. ಚಂದ್ರನಿಗೂ ಊಳಿಗೂ ನಂಟಿಲ್ಲ.

ಕೂಡು ಊಳಿನಿಂದ ತಲೆ ಎಣಿಸಲು ಹೋಗಬೇಡಿ. ಪ್ರತಿಯೊಂದೂ ತನ್ನ ಸ್ವರವನ್ನು ಬೇರೆ ಬೇರೆ ಎತ್ತರಕ್ಕೆ ಕೊಂಡೊಯ್ದು ನಡುವೆ ಮುರಿಯುತ್ತದೆ, ಮರಗಳಿಗೆ, ಬೆಟ್ಟಕ್ಕೆ ಬಡಿದ ಪ್ರತಿಧ್ವನಿ ಬೇರೆ ಸೇರಿಕೊಳ್ಳುತ್ತದೆ. ನಾಲ್ಕು ತೋಳ ಹನ್ನೆರಡಾಗಿ ಕೇಳುತ್ತವೆ. ಕಿವಿಗೆ ಖಚಿತವಾಗಿ ಸಿಗುವುದು ಒಂದೇ, ಮರಿಗಳಿವೆಯೋ ಇಲ್ಲವೋ. ಮರಿಗಳ ದನಿ ತೆಳು, ಮೇಲಿನ ಸ್ಥಾಯಿಯದು, ಕುಂಯ್ ಕುಂಯ್ ಎಂಬ ತುಂಡುಗಳಿಂದ ತುಂಬಿರುತ್ತದೆ.

ಸಂಶೋಧಕರು ಮನುಷ್ಯರ ಊಳಿನಿಂದ ಉತ್ತರ ಹೊರಡಿಸಿ ಸಮೀಕ್ಷೆ ಮಾಡುತ್ತಾರೆ. ಕೆನಡಾದ ಅಲ್ಗಾಂಕ್ವಿನ್ ಉದ್ಯಾನದಲ್ಲಿ 1963ರಿಂದ ಸಾರ್ವಜನಿಕರನ್ನೂ ಕರೆದೊಯ್ಯುವ ಪದ್ಧತಿ ಇದೆ. ಕ್ರಮ ಹೀಗಿದೆ: ಮರಿಗಳು ಬಯಲು ತಾಣದಲ್ಲಿರುವ ಬೇಸಿಗೆಯ ಕೊನೆ, ಗಾಳಿ ಮಳೆ ಇಲ್ಲದ ರಾತ್ರಿ, ಮೊದಲು ಕೆಲವು ನಿಮಿಷ ಸುಮ್ಮನೆ ಆಲಿಸುವಿಕೆ, ಆಮೇಲೆ ನಾಲ್ಕೈದು ಊಳಿನ ಒಂದು ಸರಣಿ, ಎರಡು ಮೂರು ನಿಮಿಷ ಮೌನ, ಮತ್ತೆ ಸ್ವಲ್ಪ ಜೋರಾಗಿ ಇನ್ನೊಂದು ಸರಣಿ. ಉತ್ತರ ಬಂದ ಕೂಡಲೇ ನಿಲ್ಲಿಸಿ ದಿಕ್ಸೂಚಿಯಲ್ಲಿ ದಿಕ್ಕು ಬರೆಯಬೇಕು. ಎರಡು ಕಡೆಯಿಂದ ಇಬ್ಬರು ಒಂದೇ ಹೊತ್ತಿಗೆ ದಿಕ್ಕು ಹಿಡಿದರೆ ಜಾಗ ನಕ್ಷೆಯ ಮೇಲೆ ಸಿಗುತ್ತದೆ. ಅನುಮತಿಯಿಲ್ಲದೆ ಇದನ್ನು ಮಾಡಬೇಡಿ. ನಿಮ್ಮ ಊಳು ಹಿಂಡಿಗೆ ನುಸುಳುಕೋರನ ಸದ್ದು, ದಿನವೂ ಮಾಡಿದರೆ ಅವು ತಾಣವನ್ನೇ ಬಿಡಬಹುದು. ಇನ್ನು, ಉತ್ತರ ಬಾರದಿದ್ದರೆ ತೋಳ ಇಲ್ಲ ಎಂದಲ್ಲ. ಕೊಂದ ಬೇಟೆಯ ಬಳಿ ಇರುವ ಹಿಂಡು, ಮರಿಗಳಿರುವ ಹಿಂಡು ಹೆಚ್ಚಾಗಿ ಉತ್ತರಿಸುತ್ತವೆ. ಒಂಟಿ ತೋಳ ಬಾಯಿಮುಚ್ಚಿಕೊಂಡಿರುತ್ತದೆ, ಗುಟ್ಟು ಬಿಟ್ಟರೆ ಜೀವಕ್ಕೇ ಸಂಚಕಾರ.

ಬೇಟೆಯ ಜಾಗ

ತೋಳದ ಬೇಟೆ ಬಹುಪಾಲು ಸೋಲುತ್ತದೆ. ಅಮೆರಿಕದ ಐಲ್ ರಾಯಲ್ ದ್ವೀಪದಲ್ಲಿ ಮೆಕ್ ವಿಮಾನದಿಂದ ನೋಡಿದಾಗ ತೋಳಗಳು ಪರೀಕ್ಷಿಸಿದ 77 ಮೂಸ್ ಎಂಬ ಭಾರಿ ಜಿಂಕೆಗಳಲ್ಲಿ ಸತ್ತದ್ದು ಆರು. ಓಡದೆ ನಿಂತು ಎದುರಿಸಿದ ಮೂಸನ್ನು ಹಿಂಡು ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ, ಒಂದು ಒದೆತಕ್ಕೆ ತೋಳದ ಪಕ್ಕೆಲುಬು ಮುರಿಯುತ್ತದೆ. ಹಿಂಡು ದೊಡ್ಡದಾದಷ್ಟೂ ಬೇಟೆ ಸಲೀಸು ಎಂಬುದೂ ಅರ್ಧಸತ್ಯ. ಯೆಲ್ಲೊಸ್ಟೋನ್‌ನ ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಯಲ್ಲಿ ನಾಲ್ಕು ತೋಳದ ಮೇಲೆ ಯಶಸ್ಸು ಹೆಚ್ಚಲಿಲ್ಲ. ಕಾಡೆಮ್ಮೆ ಗಾತ್ರದ ಬೈಸನ್‌ಗೆ ಮಾತ್ರ ಇನ್ನೂ ಹೆಚ್ಚು ತೋಳಗಳು ಬೇಕಾದವು.

ಸತ್ತ ಪ್ರಾಣಿ ಸಿಕ್ಕರೆ ಮೊದಲ ಪ್ರಶ್ನೆ, ತೋಳ ಕೊಂದದ್ದೇ, ಸತ್ತದ್ದನ್ನು ತಿಂದದ್ದೇ? ಕಚ್ಚಿದ ಕಡೆ ಚರ್ಮ ಸುಲಿದು ಒಳಮೈ ನೋಡಿ. ಹೆಪ್ಪುಗಟ್ಟಿದ ರಕ್ತ, ಕಂದುಗಟ್ಟಿದ ಮಾಂಸ ಇದ್ದರೆ ಕಚ್ಚುವಾಗ ಪ್ರಾಣಿ ಜೀವಂತವಿತ್ತು. ಹಲ್ಲಿನ ತೂತು ಇದ್ದು ರಕ್ತ ಇಲ್ಲದಿದ್ದರೆ ಸತ್ತ ಮೇಲೆ ಕಚ್ಚಿದ್ದು. ಈ ಒಂದು ಪರೀಕ್ಷೆ ಬಿಟ್ಟು ಬರೆದ ವರದಿಗೆ ಬೆಲೆಯಿಲ್ಲ. ದೊಡ್ಡ ಪ್ರಾಣಿಯಲ್ಲಿ ಕಡಿತ ಹಿಂದೊಡೆ, ಪಕ್ಕೆ, ಗಂಟಲು, ಮೂಗುಗಳ ಮೇಲಿರುತ್ತದೆ. ನಾಯಿಗಳ ಕಡಿತ ಮೈತುಂಬ ಚದುರಿರುವುದು ಹೆಚ್ಚು, ತಿಂದದ್ದು ಕಡಿಮೆ. ತೋಳಗಳು ಹೊಟ್ಟೆ ಬಗೆದಾಗ ಜಠರದೊಳಗಿನ ಮೇವನ್ನು ಚೆಲ್ಲಿಬಿಡುತ್ತವೆ, ಆ ಹಸಿರು ಗುಪ್ಪೆ ಬಹಳ ದಿನ ಉಳಿಯುತ್ತದೆ. ಸುತ್ತ ಇಪ್ಪತ್ತು ಮೂವತ್ತು ಮೀಟರ್ ವೃತ್ತ ಹಾಕಿ ಬೆನ್ನಟ್ಟಿದ ಜಾಡು, ಮುರಿದ ಕೊಂಬೆ, ಕಿತ್ತ ಕೂದಲಿನ ಗುಪ್ಪೆ ಹುಡುಕಿ.

ತೊಡೆಯೆಲುಬು ಉಳಿದಿದ್ದರೆ ಒಡೆದು ಮಜ್ಜೆ ನೋಡಿ. ಗಟ್ಟಿಯಾಗಿ ಬೆಳ್ಳಗಿದ್ದರೆ ಪ್ರಾಣಿಯ ಮೈಯಲ್ಲಿ ಕೊಬ್ಬಿತ್ತು. ಕೆಂಪಗೆ ಲೋಳೆಯಂತಿದ್ದರೆ ಹಸಿವಿನಿಂದ ಸೊರಗಿತ್ತು, ತೋಳ ಬರದಿದ್ದರೂ ಬಹಳ ದಿನ ಇರುತ್ತಿರಲಿಲ್ಲ. ಹೆಚ್ಚು ಹೊತ್ತು ಅಲ್ಲಿ ನಿಲ್ಲಬೇಡಿ. ಹಿಂಡು ಹತ್ತಿರದಲ್ಲೇ ಮಲಗಿರಬಹುದು, ಕರಡಿ ಇರುವ ಕಾಡಾದರೆ ಅಪಾಯ ಅದರಿಂದಲೇ ಹೆಚ್ಚು.

ಕ್ಯಾಮೆರಾ ಕಟ್ಟುವುದು

ತೋಳಕ್ಕೂ ಸುಲಭದ ದಾರಿಯೇ ಇಷ್ಟ: ಹಳೆ ಬಂಡಿದಾರಿ, ದಿಣ್ಣೆಯ ನೆತ್ತಿ, ಒಣಗಿದ ಹಳ್ಳದ ಅಂಚು. ಎರಡು ದಾರಿ ಕೂಡುವಲ್ಲಿ ಹಿಕ್ಕೆ ಇದ್ದರೆ ಅದೇ ಜಾಗ. ಕ್ಯಾಮೆರಾ ನೆಲದಿಂದ 50–60 ಸೆಂ.ಮೀ. ಎತ್ತರ, ದಾರಿಯಿಂದ ಮೂರ್ನಾಲ್ಕು ಮೀಟರ್ ದೂರ, ದಾರಿಗೆ 45 ಡಿಗ್ರಿ ಓರೆಯಾಗಿರಲಿ. ದಾರಿಗೆ ಅಡ್ಡಲಾಗಿ ಇಟ್ಟರೆ ಕುಕ್ಕುಲೋಟದ ತೋಳದ ಬಾಲ ಮಾತ್ರ ಸಿಗುತ್ತದೆ. ಮುಂದೆ ಅಲುಗಾಡುವ ಹುಲ್ಲು ಕತ್ತರಿಸಿ, ಇಲ್ಲದಿದ್ದರೆ ಸಾವಿರ ಖಾಲಿ ಚಿತ್ರ ಬರುತ್ತವೆ. ಲೆನ್ಸು ಪೂರ್ವ ಪಶ್ಚಿಮಕ್ಕೆ ಮುಖ ಮಾಡದಿರಲಿ. ಒಂದು ಹಿಂಡು ತನ್ನ ಸರಹದ್ದಿನ ಒಂದೇ ದಾರಿಗೆ ಮರಳಲು ವಾರಗಳೇ ಬೇಕಾಗಬಹುದು, ಕನಿಷ್ಠ ಒಂದು ತಿಂಗಳಾದರೂ ಬಿಡಿ. ಮಾಂಸ ಕಟ್ಟಬೇಡಿ. ಮನುಷ್ಯರ ವಾಸನೆಯ ಜೊತೆ ಊಟ ಸಿಗುತ್ತದೆ ಎಂದು ಕಲಿತ ತೋಳದ ಕೊನೆ ಹೆಚ್ಚಾಗಿ ಗುಂಡೇಟು.

ಎದುರಾದರೆ

ಯೆಲ್ಲೊಸ್ಟೋನ್‌ನಲ್ಲಿ ತೋಳದಿಂದ ಕನಿಷ್ಠ 100 ಗಜ, ಅಂದರೆ 91 ಮೀಟರ್ ದೂರ ಇರಬೇಕೆಂಬ ನಿಯಮವಿದೆ, ಬೇರೆ ಕಡೆಗೂ ಅದೇ ಒಳ್ಳೆಯ ಅಳತೆ. ಆಕಸ್ಮಿಕವಾಗಿ ಹತ್ತಿರ ಸಿಕ್ಕರೆ ಓಡಬೇಡಿ. ಮುಖ ಅದರತ್ತಲೇ ಇಟ್ಟು ಹಿಂದೆ ಸರಿಯಿರಿ, ಗಟ್ಟಿಯಾಗಿ ಮಾತಾಡಿ, ಮಕ್ಕಳನ್ನು ನಡುವೆ ಇರಿಸಿಕೊಳ್ಳಿ. ಹೆಚ್ಚಿನ ತೋಳಗಳು ಅಷ್ಟರಲ್ಲೇ ಹೊರಟುಹೋಗುತ್ತವೆ. ಅದು ನಿಂತು ಕುತೂಹಲದಿಂದ ನೋಡಿದರೆ ಸಾಮಾನ್ಯವಾಗಿ ಎಳೆಯದು. ಬಿಲದ ಹತ್ತಿರವಾದರೆ ಬೊಗಳುತ್ತಾ ಹಿಂದೆ ಬರಬಹುದು, ಅದು ನಿಮ್ಮನ್ನು ಸಾಗಹಾಕುವ ನಡೆ, ನೀವು ಹೋಗುತ್ತಿರುವವರೆಗೆ ಸರಿ. ನಾಯಿ ಜೊತೆಗಿದ್ದರೆ ಹಗ್ಗ ಗಿಡ್ಡ ಮಾಡಿ ಕಾಲ ಬಳಿ ಇಟ್ಟುಕೊಳ್ಳಿ, ತೋಳದ ಕಣ್ಣಿಗೆ ಅದು ಗಡಿ ದಾಟಿದ ಅನ್ಯ ತೋಳ. ತೂರಾಡುವ, ಜೊಲ್ಲು ಸುರಿಸುವ, ಸಿಕ್ಕಿದ್ದಕ್ಕೆಲ್ಲ ಬಾಯಿ ಹಾಕುವ ತೋಳಕ್ಕೆ ರೇಬೀಸ್ ಇರಬಹುದು. ಹಲ್ಲು ತಾಗಿದರೆ, ಗೀರಾದರೂ ಸರಿ, ಗಾಯವನ್ನು ಸೋಪು ನೀರಿನಿಂದ 15 ನಿಮಿಷ ತೊಳೆದು ಅದೇ ದಿನ ಲಸಿಕೆ ಮತ್ತು ಇಮ್ಯುನೊಗ್ಲಾಬ್ಯುಲಿನ್ ಸಿಗುವ ಆಸ್ಪತ್ರೆಗೆ ಹೋಗಿ, ರೋಗ ಕಾಣಿಸಿಕೊಂಡ ಮೇಲೆ ಮದ್ದಿಲ್ಲ.